ಗಯಾಸುದ್ದೀನನ ಐದು ರೂಪಾಯಿಯ ಹಾರ್ನು

ಗಯಾಸುದ್ದೀನನ ಜೀಪಿನಲ್ಲಿ ಬಸವಕಲ್ಯಾಣದಿಂದ ಹುಮನಾಬಾದಕ್ಕೆ ಹತ್ತು ರೂಪಾಯಿ. ಮೆತ್ತೆಯ ಮೇಲೆ ಕೂಡಬೇಕೆಂದರೆ ತಿಂಗಳಿಗೆ ಮೂರು ರೂಪಾಯಿ ಬೇರೆ. ಟೇಪಿನಲ್ಲಿ ನಿಮಗೆ ಬೇಕಾದ ಹಾಡು ಹಾಕಬೇಕೆಂದರೆ ತಿಂಗಳಿಗೆ ಎರಡು. ಹಾರ್ನು ಬೇಕೆಂದರೆ ಐದು. ಹಾರ್ನಿಗೆ ಯಾಕೆ ರೊಕ್ಕ ಎಂದು ಮೊದಲು ನಮ್ಮ ಓಣಿಯವರೆಲ್ಲ ಕೇಳಿದರು. ಆಮೇಲೆ ಎಲ್ಲರೂ ಕೊಟ್ಟರು, ಒಬ್ಬರನ್ನು ಬಿಟ್ಟು. ಆ ಒಬ್ಬರ ಸಲುವಾಗಿ ಒಂದು ಮನೆ ಎರಡಾಗುವುದರಲ್ಲಿತ್ತು.

ಅವನ ತಂದೆ ಸಲಾವುದ್ದೀನ್ ಟಾಂಗಾ ಹೊಡೆಯುತ್ತಿದ್ದರು. ಟಾಂಗಾದಲ್ಲಿ ಯಾರ ಮನೆಗಾದರೂ ಬೀಗರು ಬಂದರೆ ಅವರನ್ನು ಇಳಿಸುವ ಮೊದಲೇ ಓಣಿಯ ಬಾಯಿಯಲ್ಲಿ ನಿಂತು ಮನೆಯವರ ಹೆಸರು ಹಿಡಿದು ಕೂಗುತ್ತಿದ್ದರು. ಒಳಗಿನವರು ಒಲೆಯ ಮೇಲೆ ನೀರಿಡಲಿ ಎಂದು. ಅದಕ್ಕೆ ಓಣಿಯವರು ಸುಗ್ಗಿಯಲ್ಲಿ ಮನೆಗೆ ಒಂದು ಸೇರಿನಂತೆ ಜೋಳ ಕೊಡುತ್ತಿದ್ದರು. ಕುದುರೆ ಸತ್ತ ಮೇಲೆ ಟಾಂಗಾ ಹೋಯಿತು. ಗಯಾಸುದ್ದೀನ್ ಹನ್ನೊಂದು ವರ್ಷ ಲಾರಿಯ ಮೇಲೆ ಸೊಲ್ಲಾಪುರ, ಹೈದರಾಬಾದ ತಿರುಗಿದ. ೧೯೯೩ರಲ್ಲಿ ಒಂದು ಹಳೆಯ ಜೀಪು ಕೊಂಡ. ಅದರ ಎಡಗಡೆಯ ಬಾಗಿಲಿಗೆ ಹಗ್ಗ ಕಟ್ಟಿತ್ತು. ನೆಲದಲ್ಲಿ ಎರಡು ತೂತಿದ್ದವು, ರಸ್ತೆ ಕಾಣುತ್ತಿತ್ತು. ಆ ಜೀಪಿನಲ್ಲಿ ಗಟ್ಟಿಯಾಗಿದ್ದದ್ದು ಹಾರ್ನು ಒಂದೇ.

ಆಗ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲೂ ಫೋನಿರಲಿಲ್ಲ. ಜೀಪು ನಿಲ್ಲುವುದು ನೀರಿನ ಟಾಕಿಯ ಹತ್ತಿರ. ಟಾಕಿಯಿಂದ ಓಣಿಯ ಬಾಯಿಗೆ ನಾಲ್ಕು ನೂರಾ ಹನ್ನೆರಡು ಹೆಜ್ಜೆ. ಹೆಂಗಸು ಮಕ್ಕಳು, ಚೀಲ ಗಂಟು ಇದ್ದವರು ಇಳಿದು ಯಾರಾದರೂ ಬರಲಿ ಎಂದು ಕಾಯಬೇಕು. ಗಯಾಸುದ್ದೀನ್ ಕೋಟೆಯ ಹಿಂದಿನ ತಿರುವಿನಲ್ಲಿ ಹಾರ್ನು ಹೊಡೆಯಲು ಶುರು ಮಾಡಿದ. ಅಲ್ಲಿಂದ ಟಾಕಿಗೆ ಬರಲು ಅವನ ಜೀಪಿಗೆ ಐದು ನಿಮಿಷ ಬೇಕು. ಒಂದೊಂದು ಮನೆಗೆ ಒಂದೊಂದು ನಮೂನೆ. ನಮ್ಮ ಗೋಡೆಯಾಚೆಯ ವಜೀರಬಿಯ ಗಂಡ ಹುಮನಾಬಾದದಲ್ಲಿ ಲಾರಿ ಮೇಸ್ತ್ರಿ. ಅವನು ಜೀಪಿನಲ್ಲಿದ್ದರೆ ಒಂದು ಉದ್ದ, ಒಂದು ಗಿಡ್ಡ. ನನಗೆ ಓಣಿಯ ಬಾಯಿಯಲ್ಲಿ ಸಣ್ಣ ಖಾನಾವಳಿ ಇತ್ತು. ನನಗೆ ಬರೀ ಗಿಡ್ಡ ಹಾರ್ನು. ನಾಲ್ಕು ಸಲ ಹೊಡೆದರೆ ನಾಲ್ಕು ಊಟ. ಅವರು ಕೈ ತೊಳೆಯುವ ಹೊತ್ತಿಗೆ ನಾಲ್ಕು ರೊಟ್ಟಿ ಹಂಚಿನಿಂದ ಇಳಿದಿರುತ್ತಿದ್ದವು. ಅಂದಾಜಿನ ಮೇಲೆ ಹೆಚ್ಚಿಗೆ ಬಡಿದಿಡುವುದು ತಪ್ಪಿತು, ತಿಂಗಳಿಗೆ ಐದು ರೂಪಾಯಿ ಕೊಟ್ಟು ನಾನು ದಿನಕ್ಕೆ ಎರಡು ರೊಟ್ಟಿ ಉಳಿಸಿದ್ದೇನೆ.

ಒಂದೇ ಒಂದು ಹಾರ್ನು ಪುಕಟ. ಮೂರು ಉದ್ದ. ಜೀಪಿನಲ್ಲಿ ಯಾರೋ ಬೀಮಾರಿಯವರಿದ್ದಾರೆ, ಮಲಗಿಸಿ ಒಯ್ಯಾಕ ಹೊರಸು ತಗೊಂಡು ಬರ್ರಿ ಎಂದು ಅರ್ಥ. ಅದಕ್ಕೆ ಗಯಾಸುದ್ದೀನ್ ಯಾರಿಂದಲೂ ಒಂದು ಪೈಸೆ ಮುಟ್ಟಲಿಲ್ಲ.

ಎಲ್ಲ ನಮೂನೆಗಳನ್ನೂ ನಾನು ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದಿಟ್ಟಿದ್ದೆ. ಉದ್ದಕ್ಕೆ ಗೆರೆ, ಗಿಡ್ಡಕ್ಕೆ ಚುಕ್ಕೆ. ಹೆಸರು ಬರೆಯುವುದಕ್ಕೆ ನನಗೆ ಹೊತ್ತು ಹಿಡಿಯುತ್ತದೆ, ಅದಕ್ಕೆ ಪಕ್ಕದಲ್ಲಿ ಚಿತ್ರ. ವಜೀರಬಿಯ ಗಂಡನಿಗೆ ನಟ್ಟು ಬಿಚ್ಚುವ ಒಂದು ಪಾನಾ. ಮೂರು ಉದ್ದದ ಪಕ್ಕದಲ್ಲಿ ಹೊರಸು, ಅಂದರೆ ಒಂದು ಚೌಕ, ಕೆಳಗೆ ನಾಲ್ಕು ಕಾಲು. ಈ ಚಿತ್ರದ ಮಾತು ಮುಂದೆ ಬರುತ್ತದೆ.

ಗಯಾಸುದ್ದೀನನ ಲೆಕ್ಕ ಬಹಳ ಕಟ್ಟುನಿಟ್ಟು. ಮೆತ್ತೆಗೆ ರೊಕ್ಕ ಕೊಟ್ಟವರು ನಡುದಾರಿಯ ರಾಜೇಶ್ವರದಲ್ಲಿ ಇಳಿದರೆ, ಅವರ ಮೆತ್ತೆಯ ಮೇಲೆ ಸರಿದು ಕೂತವರನ್ನು ಎಬ್ಬಿಸಿ ಮೆತ್ತೆ ತೆಗೆದು ತನ್ನ ಸೀಟಿನ ಹಿಂದೆ ಇಡುತ್ತಿದ್ದ. ಒಬ್ಬರು ಬೈದರು. "ಏ ಗಯಾಸ್, ಮೆತ್ತಿ ಖಾಲಿನೇ ಅದಲ್ಲೋ! ಕೂತ್ರ ಸವದು ಹೋಗ್ತದೇನು?"

"ಖಾಲಿ ಇಲ್ರಿ," ಎಂದ ಅವನು. "ಆರಾಮ ತಗೊಳಾಕತ್ತದ."

ರೊಕ್ಕ ಕೊಡದ ಆ ಒಬ್ಬರು ಬಸವಣಪ್ಪನವರು. ಬೆಲ್ಲದ ವ್ಯಾಪಾರಿ. ವಜೀರಬಿಯ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರ ಬೆಲ್ಲದ ಚೀಲಗಳು ಹುಮನಾಬಾದದಿಂದ ವಜೀರಬಿಯ ಗಂಡ ಬರುವ ಜೀಪಿನಲ್ಲೇ ಬರುತ್ತಿದ್ದವು. ಹಾಗಾಗಿ ಬಸವಣಪ್ಪನವರು ವಜೀರಬಿಯ ಹಾರ್ನು ಕೇಳಿ ಹಮಾಲನನ್ನು ಟಾಕಿಗೆ ಕಳಿಸುತ್ತಿದ್ದರು. ಇದು ಗೊತ್ತಾಗಿ ಗಯಾಸುದ್ದೀನ್ ವಜೀರಬಿಯ ನಮೂನೆಯನ್ನು ಒಂದು ಗಿಡ್ಡ, ಒಂದು ಉದ್ದ ಮಾಡಿದ. ಬಸವಣಪ್ಪನವರು ವಜೀರಬಿ ಯಾವ ಹಾರ್ನಿಗೆ ಬಾಗಿಲಿಗೆ ಬರುತ್ತಾಳೆ ಎಂದು ಕಟ್ಟೆಯ ಮೇಲೆ ಕೂತು ನೋಡಿದರು. ಅವನು ಮತ್ತೆ ಬದಲಿಸಿದ. ಅವರು ಮತ್ತೆ ಕೂತರು. ಮೂರು ವರ್ಷ ಹೀಗೆ ನಡೆಯಿತು. ತಮ್ಮ ಚೀಲಕ್ಕೆ ಸಂಬಂಧವಿಲ್ಲದ ನಮೂನೆ ಯಾರದು, ಯಾತಕ್ಕೆ ಎಂದು ಅವರು ತಿಳಿದುಕೊಳ್ಳಲು ಹೋಗಲಿಲ್ಲ.

"ನನ್ನ ಗಂಡ ಬರೋದು ನನಗಿಂತ ಮೊದಲ ಸಾವಕಾರ್ರಿಗಿ ಗೊತ್ತಾಗ್ತದ," ಎಂದು ವಜೀರಬಿ ನಲ್ಲಿಯ ಹತ್ತಿರ ಎಲ್ಲರ ಮುಂದೆ ಹೇಳುತ್ತಿದ್ದಳು.

ಒಂದು ದಿನ ಟಾಕಿಯ ಹತ್ತಿರದ ಚಹಾದಂಗಡಿಯಲ್ಲಿ ಇಬ್ಬರಿಗೂ ಮಾತು ಹತ್ತಿತು.

"ಹಾರ್ನ್ ಹೊಡದ್ರ ಗಾಳ್ಯಾಗ ಬರ್ತದ," ಎಂದರು ಬಸವಣಪ್ಪನವರು. "ನಾ ಏನ್ ನಿನ್ನ ಜೀಪಿಗಿ ಬಂದು ತಗೊಂಡು ಹೋಗಾಕತ್ತೇನೇನು? ಗಾಳಿಗಿ ಬಾಡಗಿ ಕೇಳ್ತಿಯೇನೋ?"

"ಗಾಳಿ ನಿಮ್ದೇ ಇರಲಿ ಸಾವಕಾರ್ರ. ಬ್ಯಾಟ್ರಿ ನಂದು."

"ನನ್ನ ಅಂಗಡಿ ಬೆಲ್ಲದ ವಾಸನಿ ದಿನಾ ಮೂಸ್ತಿ. ನಾ ರೊಕ್ಕಾ ಕೇಳೇನೇನು?"

"ಮೂಸಿದ್ರ ನನ್ನ ಚಾ ಸಿಹಿ ಆಗಂಗಿಲ್ರಿ. ನನ್ನ ಹಾರ್ನ್ ಕೇಳಿದ್ರ ನಿಮ್ಮ ಚೀಲ ಮನಿಗಿ ಬರ್ತಾವ."

ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ಬಸವಣಪ್ಪನವರು ಬಸಿಯಲ್ಲಿದ್ದ ಚಹಾ ಬಿಟ್ಟು ಎದ್ದರು. "ಕೇಳ್ರಿ ಎಲ್ಲಾರೂ. ಈ ಹಾರ್ನಿಗಿ ಒಂದು ಪೈಸಾ ಕೊಟ್ರ ನಾ ಬಸವಣಪ್ಪನೇ ಅಲ್ಲ." ಇದನ್ನು ಹದಿನಾಲ್ಕು ಜನ ಕೇಳಿದರು. ಅದೇ ದೊಡ್ಡ ತೊಡಕಾಯಿತು.

೧೯೯೮ರ ಬೇಸಿಗೆ. ಬಸವಣಪ್ಪನವರ ಹೆಂಡತಿ ಲಲಿತಾಬಾಯಿಯವರು ತವರು ಚಿಟಗುಪ್ಪಕ್ಕೆ ಹೋಗಿದ್ದರು. ಬರುವಾಗ ತವರಿನವರು ಒಂದು ಚೀಲ ಮಾವಿನಹಣ್ಣು ಕಟ್ಟಿಕೊಟ್ಟರು. ಹುಮನಾಬಾದದಲ್ಲಿ ಬಸ್ಸಿಳಿದು ಗಯಾಸುದ್ದೀನನ ಜೀಪು ಹತ್ತಿದರು. ಅಂದು ವಜೀರಬಿಯ ಗಂಡ ಜೀಪಿನಲ್ಲಿರಲಿಲ್ಲ, ಅವಳ ಹಾರ್ನು ಆಗಲಿಲ್ಲ. ಟಾಕಿಯ ಹತ್ತಿರ ಅವರ ಜೊತೆ ಇಳಿದ ನಾಲ್ವರು ಹೆಂಗಸರಿಗೂ ಮನೆಯಿಂದ ಜನ ಬಂದಿದ್ದರು. ಲಲಿತಾಬಾಯಿಯವರಿಗೆ ಯಾರೂ ಇಲ್ಲ. ಗಯಾಸುದ್ದೀನ್ ಚೀಲಕ್ಕೆ ಕೈ ಹಾಕಿದ. "ಬಿಡು ಭಾಯಿ. ನಿನಗ ಇದರ ರೊಕ್ಕ ಕೊಟ್ಟಿಲ್ಲ," ಎಂದು ಅವರು ಚೀಲವನ್ನು ತಲೆಯ ಮೇಲೆ ಹೊತ್ತರು. ಮಧ್ಯಾಹ್ನ ಒಂದೂವರೆ. ನಾಲ್ಕು ನೂರಾ ಹನ್ನೆರಡು ಹೆಜ್ಜೆಯಲ್ಲಿ ನಾಲ್ಕು ಸಲ ಇಳಿಸಿದರು. ಮನೆಗೆ ಬಂದರೆ ಬಸವಣಪ್ಪನವರು ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರು.

"ಬಂದಿಯೇನು?" ಎಂದರು ಎದ್ದು. "ಹಾರ್ನೇ ಕೇಳಸಲಿಲ್ಲಲ್ಲ?"

ಅಷ್ಟೇ. ಲಲಿತಾಬಾಯಿಯವರು ಹೊಸ್ತಿಲು ದಾಟಲಿಲ್ಲ. ಚೀಲವನ್ನು ಕಟ್ಟೆಯ ಮೇಲೆ ಬಿಚ್ಚಿದರು. ಹಾರ್ನಿಗೆ ರೊಕ್ಕ ಕೊಡುವ ಮನೆಗಳಿಗೆಲ್ಲ ಮೂರು ಮೂರು ಹಣ್ಣು ಹಂಚಿದರು. ನನಗೂ ಮೂರು ಬಂದವು. ಆಮೇಲೆ ಓಣಿಯ ನಡುವೆ ನಿಂತು, "ನನ್ನ ಹೆಸರೀಲೆ ಹಾರ್ನ್ ಆಗೂತನಕ ಈ ಮನಿಯಾಗ ಕಾಲಿಡಂಗಿಲ್ಲ," ಎಂದು ಹೇಳಿ ಮೂರು ಗಂಟೆಯ ಜೀಪಿನಲ್ಲಿ ತಿರುಗಿ ಹೋದರು. ಹೋಗುವಾಗ ಖಾಲಿ ಚೀಲವನ್ನು ಮಡಿಚಿ ಒಯ್ದರು.

ಆ ರಾತ್ರಿಯಿಂದ ಬಸವಣಪ್ಪನವರ ಊಟ ನನ್ನ ಖಾನಾವಳಿಯಲ್ಲಿ. ಗಯಾಸುದ್ದೀನನಿಗೆ ಅವನ ಮನೆಯಲ್ಲಿ ಊಟ ಸೇರಲಿಲ್ಲ. ಅವನ ಹೆಂಡತಿ ಅಸ್ಗರಿ ತಾಟು ಮುಂದಿಟ್ಟು ಶುರು ಮಾಡಿದಳಂತೆ. "ಐದು ರೂಪಾಯಿ ಸಲುವಾಗಿ ಒಂದು ಮನಿ ಎರಡು ಮಾಡಿದಿ. ನಿಮ್ಮ ಅಬ್ಬಾ ಟಾಂಗಾ ಹೊಡದ್ರು, ಯಾರ ಮನೀನೂ ಒಡೀಲಿಲ್ಲ."

"ನಾ ಏನ್ ಮಾಡ್ಲಿ? ರೊಕ್ಕ ಬಿಟ್ರ ಉಳಿದವರು ಕೊಡ್ತಾರೇನು?"

"ಅದು ನನಗ ಗೊತ್ತಿಲ್ಲ. ಆ ಅಕ್ಕಾ ಮನಿಗಿ ಬರಬೇಕು."

ಮರುದಿನ ಅವನು ನನ್ನ ಖಾನಾವಳಿಗೇ ಬಂದು ಊಟ ಮಾಡುತ್ತಿದ್ದ ಬಸವಣಪ್ಪನವರ ಮುಂದೆ ನಿಂತ. "ಸಾವಕಾರ್ರ, ಅಕ್ಕಾವ್ರಿಗಿ ಕರಕೊಂಡು ಬರ್ರಿ. ಒಂದು ಸಲ ಪುಕಟ ಹೊಡೀತೀನಿ. ಯಾರಿಗೂ ಹೇಳಂಗಿಲ್ಲ."

ಅವರು ತಾಟಿನಿಂದ ತಲೆ ಎತ್ತಲಿಲ್ಲ. "ಧರ್ಮದ ಹಾರ್ನ್ ನನಗ ಬ್ಯಾಡ."

"ಹಂಗಾದ್ರ ಐದು ರೂಪಾಯಿ ಕೊಡ್ರಿ."

"ಹದಿನಾಲ್ಕ ಮಂದಿ ಮುಂದ ಆಡೇನಿ."

ಪುಕಟವೂ ಆಗದು, ರೊಕ್ಕವೂ ಆಗದು. ನಾನು ಇನ್ನೊಂದು ರೊಟ್ಟಿ ಹಾಕಿದೆ. ಲಲಿತಾಬಾಯಿಯವರು ಒಮ್ಮೆ ಆಡಿದ ಮಾತನ್ನು ತಿರುಗಿಸುವವರಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಹದಿನಾಲ್ಕು ದಿನ ಬಸವಣಪ್ಪನವರು ಅಡುಗೆಮನೆಯ ಗೋಡೆಗೆ ಮುಖ ಮಾಡಿ ಕೂತು ಉಂಡರು. ರೊಟ್ಟಿ ಮುರಿಯುತ್ತ ಗೋಡೆಯನ್ನೇ ನೋಡುತ್ತಿದ್ದರು. ಇದ್ದಿಲಿನ ಬರಹ ನೋಡುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ, ಮನಸ್ಸು ಕೆಟ್ಟಿದೆ ಎಂದುಕೊಂಡಿದ್ದೆ. ಅವರು ಒಂದು ಮಾತೂ ಕೇಳಲಿಲ್ಲ. ಕೇಳಿದರೆ ತಮಗೂ ಹಾರ್ನು ಬೇಕು ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ಹದಿನೈದನೆಯ ದಿನ ಅವರು ಊಟಕ್ಕೆ ಬರಲಿಲ್ಲ. ಒಂದು ಟೆಂಪೋ ಬಾಡಿಗೆ ಹಿಡಿದು, ಗ್ಯಾರೇಜಿನಲ್ಲಿ ಅದಕ್ಕೆ ಲಾರಿಯ ದೊಡ್ಡ ಹಾರ್ನು ಕೂಡಿಸಿ ಚಿಟಗುಪ್ಪಕ್ಕೆ ಹೋಗಿದ್ದರು. ಹಾರ್ನಿಗೆ ನಾಲ್ಕು ನೂರಾ ಐವತ್ತು ರೂಪಾಯಿ, ಟೆಂಪೋಗೆ ಮುನ್ನೂರು. ಐದು ರೂಪಾಯಿ ಕೊಡಲಿಲ್ಲ.

"ನಿನ್ನ ಹೆಸರಿನ ಹಾರ್ನ್ ಸ್ವಂತ ಮಾಡಿಸೇನಿ. ಗಯಾಸ್‌ನ ಹಂಗಿಲ್ಲ," ಎಂದು ಹೆಂಡತಿಗೆ ಹೇಳಿದರಂತೆ. ಲಲಿತಾಬಾಯಿಯವರಿಗೂ ತವರಿನ ಅತ್ತಿಗೆಯ ಮುಖ ನೋಡಿ ಸಾಕಾಗಿತ್ತು. ಹೊರಟರು.

ನಾನು ಹಿಟ್ಟು ನಾದುತ್ತಿದ್ದೆ. ಕೋಟೆಯ ಹಿಂದಿನಿಂದ ಹಾರ್ನು ಬಂತು. ಒಂದು ಉದ್ದ. ಎರಡು ಉದ್ದ. ಮೂರು ಉದ್ದ. ಅಂಥ ಗಟ್ಟಿ ಹಾರ್ನನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಹಂಚು ಅಲುಗಿತು. ಬೀಮಾರಿ ಬಹಳ ಜೋರಿದೆ ಎಂದು ಓಣಿಗೆ ಓಣಿಯೇ ಎದ್ದಿತು. ವಜೀರಬಿಯ ಮನೆಯ ಹೊರಸು ಹೊರಗೆ ಬಂತು. ಒಬ್ಬರು ನೀರು ತಂದರು, ಒಬ್ಬರು ಉಳ್ಳಾಗಡ್ಡಿ ಒಡೆದು ತಂದರು. ನಾವು ಓಡಿ ಟಾಕಿ ಮುಟ್ಟಿದಾಗ ಟೆಂಪೋದಿಂದ ಲಲಿತಾಬಾಯಿಯವರು ಇಳಿಯುತ್ತಿದ್ದರು. ಬಿಸಿಲಿಗೆ ಮುಖ ಕೆಂಪಾಗಿತ್ತು.

"ಅಯ್ಯೋ, ಮುಖಾ ನೋಡ್ರೇ, ಬಿಸಿಲು ಬಡದದ!" ಎಂದು ವಜೀರಬಿ ಅವರ ಮೂಗಿಗೆ ಉಳ್ಳಾಗಡ್ಡಿ ಹಿಡಿದಳು.

"ಏ ಬಿಡ್ರೇ! ನನಗೇನಾಗಿಲ್ಲ!"

"ಜ್ವರ ತಲಿಗಿ ಏರಿದವರು ಹಿಂಗೇ ಅಂತಾರ. ಕಾಲು ಹಿಡೀರಿ."

ನಾನೇ ಎಡಗಾಲು ಹಿಡಿದೆ, ಸುಳ್ಳು ಹೇಳುವುದಿಲ್ಲ. ಅವರನ್ನು ಹೊರಸಿನ ಮೇಲೆ ಮಲಗಿಸಿ ಎತ್ತಿಕೊಂಡು ಹೊರಟೆವು. ಬಸವಣಪ್ಪನವರು ಹಿಂದೆ ಓಡಿ ಬರುತ್ತ, "ಏ, ಅದು ನಮ್ಮ ಮನಿ ಹಾರ್ನ್ ಅದ! ನನ್ನ ಹೆಸರಿಂದದ!" ಎಂದು ಕೂಗುತ್ತಿದ್ದರು.

"ನಿಮ್ಮ ಹೆಸರಿಂದಿದ್ರ ನೀವ್ಯಾಕ ನೆಟ್ಟಗ ಓಡಾಕತ್ತೀರಿ?" ಎಂದು ವಜೀರಬಿ ತಿರುಗಿ ಕೇಳಿದಳು.

ಹೊಸ್ತಿಲು ದಾಟಿಸಿ ಪಡಸಾಲೆಯ ನಡುವೆ ಹೊರಸು ಇಳಿಸಿದೆವು. ಆಗ ಬಸವಣಪ್ಪನವರು ಉಸಿರು ಬಿಡುತ್ತ ನನ್ನನ್ನು ಕೇಳಿದರು. "ಅಕ್ಕಾ, ನಿಮ್ಮ ಗ್ವಾಡಿ ಮ್ಯಾಲ ಮೂರು ಗೆರಿ ಬಾಜೂಕ ಗದ್ದಿ ಬರದೀರಲ್ಲ? ವ್ಯಾಪಾರಸ್ಥರು ಕೂಡೂದು? ಅದು ನಮ್ಮ ಮನಿ ಗುರ್ತು ಅಲ್ಲೇನು?"

"ಅದು ಹೊರಸ್ರಿ."

"ನಾಕು ಕಾಲು ಅವಲ್ಲ?"

"ಹೊರಸಿಗಿ ನಾಕೇ ಕಾಲ್ರಿ."

"ನಮ್ಮಪ್ಪನ ಗದ್ದಿಗೂ ನಾಕು ಕಾಲಿದ್ವು," ಎಂದು ಅವರು ನೆಲದ ಮೇಲೆ ಕೂತುಬಿಟ್ಟರು.

ಇದನ್ನೆಲ್ಲ ಲಲಿತಾಬಾಯಿಯವರು ಕೇಳಿದರು. ಎದ್ದು ಕೂತರು. ಇಳಿಯಲು ಹೋದವರು ನೆಲ ನೋಡಿದರು, ಹೊಸ್ತಿಲು ನೋಡಿದರು, ಎರಡೂ ಕಾಲನ್ನು ಮೇಲೆ ಎಳೆದುಕೊಂಡರು. "ಹಾರ್ನ್ ಬೀಮಾರಿದು. ನನ್ನ ಹೆಸರಿಂದಲ್ಲ. ನನಗ ಹೊತ್ತು ತಂದೀರಿ, ಈ ಮನಿಯಾಗ ನಾ ಇನ್ನೂ ಕಾಲಿಟ್ಟಿಲ್ಲ."

ಮೂರು ದಿನ ಅವರು ಆ ಹೊರಸಿನ ಮೇಲೇ ಇದ್ದರು. ಹಿತ್ತಲಿಗೆ ಹೋಗಬೇಕಾದಾಗ ನಾವು ನಾಲ್ಕು ಜನ ಹೆಂಗಸರು ಹೊರಸು ಎತ್ತಿ ಹಿತ್ತಲಲ್ಲಿ ಇಡುತ್ತಿದ್ದೆವು. ಹಿತ್ತಲು ಮನೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ಅವರೇ ತೀರ್ಮಾನ ಮಾಡಿದ್ದರು. ಹೊರಸಿನ ಮೇಲೆ ಕೂತೇ ಬಸವಣಪ್ಪನವರಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದರು. ಮೊದಲ ರೊಟ್ಟಿ ಎಂಟು ತುಂಡಾಯಿತು. "ಇನ್ನೊಂದು ಮಾಡ್ರಿ. ನನಗೇನ್ ಅವಸರಿಲ್ಲ," ಎಂದರು. ವಜೀರಬಿ ನೆಲದ ಮೇಲೆ ಮಲಗುತ್ತಿದ್ದಳು, ದಿನಕ್ಕೆ ಎರಡು ಸಲ ಬಂದು ಹೊರಸು ಕೇಳುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಬಸವಣಪ್ಪನವರು ಚಹಾದಂಗಡಿಗೆ ಹೋದರು. ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಅಂದು ಅಲ್ಲಿದ್ದರು. ಎಲ್ಲರ ಮುಂದೆ ಗಯಾಸುದ್ದೀನನ ಕೈಯಲ್ಲಿ ಐದು ರೂಪಾಯಿಯ ನೋಟು ಇಟ್ಟರು. "ತಗೋ. ಈಗ ನಾ ಬಸವಣಪ್ಪ ಅಲ್ಲ. ಏನು ಬೇಕಾದ್ದು ಕರಿ. ಮನಿ ಮುಂದ ಬಂದು ನಿಮ್ಮ ಅಕ್ಕಾವ್ರ ಹೆಸರೀಲೆ ಒಂದು ಹಾರ್ನ್ ಹೊಡಿ."

ಗಯಾಸುದ್ದೀನ್ ನೋಟನ್ನು ಮಡಿಚಿ ಕಿಸೆಗೆ ಹಾಕಿಕೊಂಡ. "ಮನಿ ಮುಂದ ಹೊಡ್ಯಾಂಗಿಲ್ರಿ."

"ಯಾಕೋ? ರೊಕ್ಕ ಕೊಟ್ಟೀನಲ್ಲ?"

"ಜೀಪಿನ್ಯಾಗ ಮನುಷ್ಯಾ ಇದ್ರ ಹಾರ್ನ್. ಅವರು ಮನಿಯಾಗ ಕೂತಾರ, ಬರಾಕತ್ತಾರ ಅಂತ ನಾ ಹೊಡದ್ರ ಸುಳ್ಳಾಗ್ತದ. ಒಂದು ಸಲ ಸುಳ್ಳು ಹೊಡದ್ರ ನಾಳಿ ಖಾನಾವಳಿ ಅಕ್ಕಾ ರೊಟ್ಟಿ ಹ್ಯಾಂಗ ಹಾಕ್ತಾಳ? ಮೂರು ಉದ್ದಕ್ಕ ಯಾರು ಓಡಿ ಬರ್ತಾರ?"

ಬಸವಣಪ್ಪನವರು ಮತ್ತೆ ಕಿಸೆಗೆ ಕೈ ಹಾಕಿದರು. ಆಮೇಲೆ, "ಹಂಗಾದ್ರ ಕರಕೊಂಡು ಹೋಗಿ ಕರಕೊಂಡು ಬಾ," ಎಂದರು.

"ಹೋಗಾಕ ಹತ್ತು, ಬರಾಕ ಹತ್ತು."

"ಮೆತ್ತಿನೂ ಹಾಕು," ಎಂದರು ಬಸವಣಪ್ಪನವರು. ಇನ್ನೂ ಮೂರು ರೂಪಾಯಿ ಕೊಟ್ಟರು.

ಲಲಿತಾಬಾಯಿಯವರನ್ನು ಹೊರಸಿನ ಮೇಲೆಯೇ ಟಾಕಿಯವರೆಗೆ ಹೊತ್ತೆವು. ಒಂದು ಕಾಲಿಗೆ ಬಸವಣಪ್ಪನವರೇ ಹೆಗಲು ಕೊಟ್ಟರು. ಲಲಿತಾಬಾಯಿಯವರು ಹೊರಸಿನಿಂದ ನೇರ ಜೀಪಿನ ಮುಂದಿನ ಸೀಟಿಗೆ ಇಳಿದು ಮೆತ್ತೆ ಸರಿಮಾಡಿಕೊಂಡರು. "ಎರಡು ಉದ್ದ, ಎರಡು ಗಿಡ್ಡ. ಮರೀಬ್ಯಾಡ ಭಾಯಿ," ಎಂದರು. ಜೀಪು ಹೋಯಿತು. ಖಾಲಿ ಹೊರಸನ್ನು ವಜೀರಬಿ ಅಲ್ಲಿಂದಲೇ ತನ್ನ ಮನೆಗೆ ಹೊತ್ತುಕೊಂಡು ಹೋದಳು.

ಬಸವಣಪ್ಪನವರು ಅಂದು ಅಂಗಡಿ ತೆರೆಯಲಿಲ್ಲ. ಓಣಿಯ ಬಾಯಿಯಲ್ಲಿ ನನ್ನ ಕಟ್ಟೆಯ ಮೇಲೆ ಕೂತರು. ಒಂದು ಜೀಪು ಬಂದರೆ ಏಳುವರು, ಕೂಡುವರು. ಮೂರು ತಾಸಿನ ಮೇಲೆ ಕೋಟೆಯ ಹಿಂದಿನಿಂದ ಬಂತು. ಎರಡು ಉದ್ದ, ಎರಡು ಗಿಡ್ಡ. ಅವರು ಧೋತರದ ಚುಂಗು ಎತ್ತಿ ಹಿಡಿದು ಓಡಿದರು. ಹಿಂದೆ ನಾವೂ ಹೋದೆವು.

ಲಲಿತಾಬಾಯಿಯವರು ಹುಮನಾಬಾದದಿಂದ ಬರಿಗೈಯಲ್ಲಿ ಬಂದಿರಲಿಲ್ಲ. ಖಾರ ರುಬ್ಬುವ ಒಂದು ಕಲ್ಲು ಕೊಂಡಿದ್ದರು, ಗುಂಡಿನ ಸಮೇತ. ಜೀಪಿನಿಂದ ಇಳಿಸಲು ಇಬ್ಬರು ಬೇಕಾದರು. ಗಯಾಸುದ್ದೀನ್ ಕೈ ಹಾಕಲು ಹೋದ. ಲಲಿತಾಬಾಯಿಯವರು ತಡೆದರು. "ನಿಂದು ಹಾರ್ನ್ ಹೊಡಿಯೋದು. ಆತು."

ಬಸವಣಪ್ಪನವರು ಕಲ್ಲನ್ನು ಹೆಗಲಿಗೆ ಏರಿಸಿಕೊಂಡರು. ಗುಂಡನ್ನು ಲಲಿತಾಬಾಯಿಯವರು ಸೆರಗಿನಲ್ಲಿ ಹಿಡಿದು ಪಕ್ಕದಲ್ಲಿ ನಡೆದರು. ಅವರು ಕಲ್ಲು ಇಳಿಸಿದಾಗೆಲ್ಲ ಇವರೂ ನಿಂತರು. "ಸಾವಕಾಶ್ರಿ. ನಾ ನಾಕು ಸಲ ಇಳಿಸಿದ್ದೆ," ಎಂದರು. ಬಸವಣಪ್ಪನವರು ಏಳು ಸಲ ಇಳಿಸಿದರು. ನಾನು ಎಣಿಸಿದ್ದೇನೆ. ಮನೆಯ ಮುಂದೆ ಬಂದು ಲಲಿತಾಬಾಯಿಯವರು ಬಲಗಾಲಿಟ್ಟು ಒಳಗೆ ಹೋದರು.

ಆಮೇಲೆ ಕೈಯಲ್ಲಿ ಹಿಡಿಯುವ ಫೋನು ಬಂದವು. ೨೦೦೪ರಲ್ಲಿ ಹಾರ್ನಿಗೆ ಕೊಡುವವರು ಹನ್ನೊಂದು ಮನೆ ಉಳಿದರು, ೨೦೦೬ರಲ್ಲಿ ಮೂರು. ಗಯಾಸುದ್ದೀನ್ ಯಾರನ್ನೂ ಏನೂ ಅನ್ನಲಿಲ್ಲ. ಫೋನಿಗೆ ತಿಂಗಳು ತಿಂಗಳು ರೊಕ್ಕ ತುಂಬಿಸಲು ಜನ ಅಂಗಡಿಯ ಮುಂದೆ ನಿಂತದ್ದನ್ನು ನೋಡಿ, "ಇವರೇ ಅಲ್ಲೇನಕ್ಕಾ, ಗಾಳಿಗಿ ಬಾಡಗಿ ಯಾಕಂದವರು?" ಎಂದು ನನಗೊಬ್ಬಳಿಗೆ ಹೇಳಿದ. ಕೊನೆಯ ಮೂರು ಮನೆಗಳಲ್ಲಿ ನನ್ನದೊಂದು, ವಜೀರಬಿಯದೊಂದು, ಬಸವಣಪ್ಪನವರದೊಂದು.

೨೦೦೭ರ ಜೂನ್ ಹತ್ತೊಂಬತ್ತಕ್ಕೆ ಅವನು ಜೀಪು ಮಾರಿದ. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಕೊಂಡವರು ಸಂಜೆಗೆ ಒಯ್ಯಲು ಬರುವವರಿದ್ದರು. ಬಸವಣಪ್ಪನವರು ಟಾಕಿಯ ಹತ್ತಿರ ಹೋಗಿ, ತಿಂಗಳ ಹನ್ನೊಂದು ದಿನ ಬಾಕಿ ಅದ, ರೊಕ್ಕ ತಿರುಗಿ ಕೊಡು ಎಂದರು. ಗಯಾಸುದ್ದೀನ್ ಎರಡು ರೂಪಾಯಿ ತೆಗೆದ. ಅವರು ಮುಟ್ಟಲಿಲ್ಲ.

"ರೊಕ್ಕ ಬ್ಯಾಡ. ಒಂದು ಸಲ ಹೊಡಿ. ನಮ್ಮದು."

"ಯಾರು ಬರಾಕತ್ತಾರ್ರಿ?"

"ಯಾರೂ ಇಲ್ಲ. ಸುಮ್ಮನ."

"ಸುಮ್ಮನ ಹೊಡ್ಯಾಂಗಿಲ್ರಿ ಸಾವಕಾರ್ರ. ಇಷ್ಟು ದಿನ ಹೊಡದಿಲ್ಲ."

ಬಸವಣಪ್ಪನವರು ಮನೆಗೆ ಬಂದು ಇದನ್ನು ಹೇಳಿದರು. ಲಲಿತಾಬಾಯಿಯವರು ಕೈಯಲ್ಲಿದ್ದ ಮೊರ ಇಟ್ಟರು, ಚಪ್ಪಲಿ ಹಾಕಿಕೊಂಡರು, ಓಣಿ ದಾಟಿ, ಗಯಾಸುದ್ದೀನನ ಜೀಪಿನ ಮುಂದೆಯೇ ಟಾಕಿ ದಾಟಿ, ಕೋಟೆಯ ಹಿಂದಿನ ತಿರುವಿಗೆ ನಡೆದು ಹೋಗಿ ರಸ್ತೆಯ ಬದಿಗೆ ನಿಂತರು. ಅಲ್ಲಿಂದ ಬರುವುದಕ್ಕೆ ಜೀಪು ಬೇಕಲ್ಲ. ಗಯಾಸುದ್ದೀನ್ ಜೀಪು ತಗೊಂಡು ಹೋಗಿ ಅವರನ್ನು ಮುಂದಿನ ಸೀಟಿಗೆ ಹತ್ತಿಸಿಕೊಂಡ.

ನಾನು ಒಲೆಯ ಮುಂದೆ ಇದ್ದೆ. ಎರಡು ಉದ್ದ, ಎರಡು ಗಿಡ್ಡ. ಹೊತ್ತು ತರುವ ಗಂಟು ಏನೂ ಇರಲಿಲ್ಲ. ಆದರೂ ಬಸವಣಪ್ಪನವರು ಟಾಕಿಗೆ ಹೋಗಿ ನಿಂತಿದ್ದರು.